ಎರಡನೇ ಕೋಟ್

ಮೊನ್ನೆ ಮಂಚದ ಕೆಳಗೆ ಗುಡಿಸುತ್ತಿದ್ದಾಗ ಪೊರಕೆಗೆ ಏನೋ ತೊಡರಿತು. ಎಳೆದು ನೋಡಿದರೆ ನನ್ನ ಮೊದಲ ಮೊಬೈಲ್ ಸ್ಟ್ಯಾಂಡು. ಕೊಂಡಾಗ ಅದಕ್ಕೆ ಮೂರು ಕಾಲಿದ್ದವು. ಒಂದನ್ನು ನಮ್ಮ ಮನೆಯವರು ನೀರು ಕುಡಿಯಲು ಹೋಗುವಾಗ ಎಡವಿ ಮುರಿದರು. ಮುರಿದ ಕಾಲಿಗೆ ಕರೆಂಟಿನವರ ಕರಿ ಟೇಪು ಸುತ್ತಿ ಇನ್ನೂ ಒಂದು ವರ್ಷ ದುಡಿಸಿಕೊಂಡೆ. ಇನ್ನೇಕೆ, ಬಿಸಾಡೋಣ ಎಂದು ಬಾಗಿಲವರೆಗೆ ಹೋದವಳು ಹಾಗೇ ಜಗಲಿಯ ಮೇಲೆ ಕೂತುಬಿಟ್ಟೆ. ಅದು ನನಗೆ ಅನ್ನ ಕೊಟ್ಟ ಸಾಮಾನು. ಒಂದು ಸಲ ನನ್ನ ಮಾನ ಕಳೆಯಲು ಹೊರಟ ಸಾಮಾನೂ ಹೌದು. ಎರಡನ್ನೂ ಹೇಳುತ್ತೇನೆ, ಆತುರವಿಲ್ಲದಿದ್ದರೆ ನೀವೂ ಕೂತುಕೊಳ್ಳಿ.

ನಾನು ಬೋರ್ಡು ಬರೆಯುವವಳು. ಹೊಳೆನರಸೀಪುರದಲ್ಲಿ ಹಾಗೆಂದರೆ ಜನ ‘ಫ್ಲೆಕ್ಸಾ?’ ಅನ್ನುತ್ತಾರೆ. ಅಲ್ಲ, ತಗಡಿನ ಮೇಲೆ, ಬ್ರಷ್ಷು ಹಿಡಿದು, ಕೈಯಲ್ಲಿ ಬರೆಯುವುದು ಅಂದರೆ, ‘ಓ, ಈಗ್ಲೂ ಬರೀತಾರಾ?’ ಎಂದು ನನ್ನನ್ನೇ ಮೇಲಿಂದ ಕೆಳಗೆ ನೋಡುತ್ತಾರೆ. ಅಂಗಡಿ ಬೋರ್ಡು, ಮನೆಯ ಹೆಸರಿನ ಹಲಗೆ, ಶಾಲೆ ಗೋಡೆಯ ಮೇಲಿನ ಅಕ್ಷರ, ಯಾವುದಕ್ಕೂ ಇಲ್ಲ ಅನ್ನುವುದಿಲ್ಲ. ನನಗೆ ಅಂಗಡಿಯಿಲ್ಲ. ನಡುಮನೆಯ ಕಿಟಕಿ ಪಕ್ಕದ ಜಾಗವೇ ಅಂಗಡಿ, ಮೊಬೈಲಿನ ಪೇಜೇ ಅದರ ಬಾಗಿಲು.

ಈ ಬಾಗಿಲಿನದೇ ತಾಪತ್ರಯ. ಬರೆದರೆ ಸಾಲದು, ಬರೆದೆ ಎಂದು ಹೇಳಿಕೊಳ್ಳಬೇಕು. ಹೇಳಿಕೊಂಡರೂ ಸಾಲದು, ದಿನಾ ಹೇಳಿಕೊಳ್ಳಬೇಕು. ನಾಲ್ಕು ದಿನ ಸುಮ್ಮನಿದ್ದರೆ ಜನ ನಮ್ಮನ್ನು ಮರೆಯುತ್ತಾರೋ ಇಲ್ಲವೋ, ಆ ಮೊಬೈಲಂತೂ ಮರೆತುಬಿಡುತ್ತದೆ. ಸ್ಟ್ಯಾಂಡು ಬರುವುದಕ್ಕೆ ಮುಂಚೆ ನಾನು ಫೋನನ್ನು ರಾಗಿಹಿಟ್ಟಿನ ಡಬ್ಬಕ್ಕೆ ಒರಗಿಸಿ ಇಡುತ್ತಿದ್ದೆ. ಅದು ಎರಡು ಸಲ ಬಣ್ಣದೊಳಕ್ಕೇ ಮುಗುಚಿ ಬಿತ್ತು. ಆಮೇಲೆ ನಮ್ಮ ಮನೆಯವರನ್ನು ಹಿಡಿದು ನಿಲ್ಲಿಸಿದೆ. ಅವರು ಹೈಸ್ಕೂಲಿನಲ್ಲಿ ಪೀಟಿ ಮೇಷ್ಟ್ರು. ‘ರೆಡೀ... ಸ್ಟಾರ್ಟ್!’ ಎಂದು ಅವರು ಕೂಗಿದ ರಭಸಕ್ಕೆ ನನ್ನ ಕೈ ಅದುರಿ ‘ಸ್ಟೋರ್ಸ್’ನ ಕೊಂಬು ಸೂರಿನವರೆಗೂ ಹೋಯಿತು. ಆ ವಿಡಿಯೊವನ್ನೇ ಜನ ಹೆಚ್ಚು ನೋಡಿದರು ಅನ್ನುವುದು ಬೇರೆ ಮಾತು. ಮರುವಾರವೇ ಹಾಸನಕ್ಕೆ ಹೋಗಿ ಸ್ಟ್ಯಾಂಡು ತಂದೆ.

ಸ್ಟ್ಯಾಂಡು ಬಂದ ಮೇಲೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಒಂದು ದಿನ ಬಣ್ಣ, ಕಾಗದ, ಸ್ಟ್ಯಾಂಡು ಎಲ್ಲ ಹೊತ್ತು ಶೆಟ್ಟಿಹಳ್ಳಿಗೆ ಹೋದೆ, ಹಿನ್ನೀರಿನ ಮುರುಕು ಚರ್ಚಿನ ಚಿತ್ರ ಬರೆಯೋಣವೆಂದು. ಬೆಳಗಿನ ಬಿಸಿಲು ಕಮಾನುಗಳೊಳಗೆ ಬಿದ್ದು ಎಷ್ಟು ಚೆನ್ನಾಗಿತ್ತು! ಕ್ಯಾಮೆರಾ ಎಲ್ಲಿಟ್ಟರೆ ನಾನೂ ಚರ್ಚೂ ಇಬ್ಬರೂ ಚೆನ್ನಾಗಿ ಕಾಣುತ್ತೇವೆ ಎಂದು ನೋಡುವುದರಲ್ಲೇ ಬಿಸಿಲು ನೆತ್ತಿಗೆ ಬಂತು. ಅಷ್ಟರಲ್ಲಿ ಮದುವೆಗೆ ಮುಂಚಿನ ಫೋಟೊ ತೆಗೆಸಲು ಬಂದ ಒಂದು ಜೋಡಿಯ ಫೋಟೊಗ್ರಾಫರು ‘ಮೇಡಂ, ಸ್ವಲ್ಪ ಆ ಕಡೆ ಸರೀರಿ, ಫ್ರೇಮಲ್ಲಿ ಬರ್ತಿದ್ದೀರ’ ಎಂದರು. ಸರಿದೆ. ಬಿಳಿ ಕಾಗದ ತೆಗೆದುಕೊಂಡು ಹೋಗಿದ್ದೆ, ಬಿಳಿ ಕಾಗದವನ್ನೇ ವಾಪಸು ತಂದೆ. ಆ ಹುಡುಗಿಯ ಮದುವೆ ಆಲ್ಬಮ್ಮಿನಲ್ಲಿ ಎಲ್ಲೋ ಒಂದು ಮೂಲೆಯಲ್ಲಿ ನನ್ನ ಮೊಣಕೈ ಇರಬಹುದು.

ಇಷ್ಟಾದರೂ ಮೊಬೈಲನ್ನು ಬೈಯುವ ಬಾಯಿ ನನಗಿಲ್ಲ. ಅದಿಲ್ಲದಿದ್ದರೆ ನನ್ನನ್ನು ಯಾರು ಹುಡುಕಿಕೊಂಡು ಬರುತ್ತಿದ್ದರು? ಗೊರೂರಿನ ನೀರಾವರಿ ಕ್ವಾರ್ಟರ್ಸಿನಲ್ಲೇ ಬಾಳೆಲ್ಲ ಕಳೆದು ಕೊನೆಗೊಂದು ಸ್ವಂತ ಮನೆ ಕಟ್ಟಿಸಿದ ಹಿರಿಯರೊಬ್ಬರು ಪೇಜು ನೋಡಿ ಫೋನು ಮಾಡಿ, ತೀರಿಹೋದ ತಮ್ಮ ತಾಯಿಯ ಹೆಸರನ್ನು ಮನೆಗೆ ಬರೆಸಿಕೊಂಡರು. ಹಲಗೆ ಕೈಗೆ ಕೊಟ್ಟಾಗ ಆ ಅಕ್ಷರಗಳ ಮೇಲೆ ಬೆರಳಾಡಿಸಿ ‘ನಮ್ಮವ್ವಂಗೆ ಓದಾಕ್ ಬತ್ತಿರ್ಲಿಲ್ಲ ಕಣಮ್ಮ’ ಎಂದರು. ಇಂದಿಗೂ ದಿನಾ ಬೆಳಗ್ಗೆ ನನಗೆ ಅವರಿಂದ ಗುಲಾಬಿ ಹೂವಿನ ಶುಭೋದಯ ತಪ್ಪಿಲ್ಲ. ಇಂಥವರನ್ನೆಲ್ಲ ನನ್ನ ಮನೆಯ ಕಿಟಕಿಗೆ ತಂದು ನಿಲ್ಲಿಸಿದ್ದು ಆ ಪುಟ್ಟ ಯಂತ್ರವೇ. ಅದರ ಋಣ ಇದೆ ನನ್ನ ಮೇಲೆ.

ಆದರೆ ಅಕ್ಷರ ಕಲಿಸಿದ ಋಣ ನಮ್ಮ ಚಿಕ್ಕಪ್ಪನದು. ನನ್ನ ತವರು ಅರಕಲಗೂಡು. ನಮ್ಮ ತಂದೆಯ ತಮ್ಮ ರಾಚಪ್ಪ ಅಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಬೋರ್ಡು ಬರೆಯುತ್ತಿದ್ದರು. ಸ್ಕೂಲು ಬಿಟ್ಟ ಕೂಡಲೇ ನಾನು ಮನೆಗೆ ಹೋಗದೆ ಅವರ ಅಂಗಡಿಗೇ ಹೋಗುತ್ತಿದ್ದೆ. ಟರ್ಪಂಟೈನ್ ವಾಸನೆ, ಒಣಗಲು ಒರಗಿಸಿಟ್ಟ ತಗಡುಗಳು, ಬಣ್ಣ ಒರೆಸಿ ಒರೆಸಿ ಹಲಗೆಯಷ್ಟು ಗಟ್ಟಿಯಾದ ಅವರ ಹಳೆ ಪಂಚೆ, ಇವೆಲ್ಲ ನನಗೆ ಅಮ್ಮನ ಅಡುಗೆಮನೆಗಿಂತ ಹೆಚ್ಚು ಪರಿಚಯ. ದಾರಕ್ಕೆ ಸೀಮೆಸುಣ್ಣ ಉಜ್ಜಿ, ತಗಡಿನ ಆ ತುದಿ ಈ ತುದಿ ಎಳೆದು ಹಿಡಿದು, ನಡುವೆ ಮೀಟಿದರೆ ಟಪ್ಪನೆ ಒಂದು ಬಿಳಿ ಗೆರೆ ಬೀಳುತ್ತಿತ್ತು. ಹಾಗೆ ಮೀಟುವ ಭಾಗ್ಯ ಒಂದೊಂದು ದಿನ ನನಗೆ ಸಿಗುತ್ತಿತ್ತು. ಅವತ್ತು ರಾತ್ರಿ ಊಟ ಒಂದು ಮುದ್ದೆ ಜಾಸ್ತಿಯೇ ಹೋಗುತ್ತಿತ್ತು.

ಚಿಕ್ಕಪ್ಪನದು ಮಾತು ಕಡಿಮೆ. ಬಣ್ಣದ ವಿಷಯದಲ್ಲಿ ಮಾತ್ರ ಹಟ. ಬೋರ್ಡು ಯಾರದೇ ಆಗಿರಲಿ, ಎರಡು ಕೋಟ್ ಹೊಡೆಯಲೇಬೇಕು. ಮೊದಲನೆಯದು ಒಣಗಬೇಕು, ಒಣಗಿದ್ದನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಬೇಕು, ಆಮೇಲೆ ಅದೇ ಅಕ್ಷರದ ಮೇಲೆ ಇನ್ನೊಮ್ಮೆ ಮೊದಲಿಂದ ಬರೆಯಬೇಕು. ಅದರಲ್ಲೂ ಹಳದಿ. ಕೆಂಪಿನ ಮೇಲೆ ಹಳದಿಯನ್ನು ಒಂದೇ ಸಲ ಬಳಿದರೆ ಮನೆಯೊಳಗೆ ಚಂದ ಕಾಣುತ್ತದೆ. ಬಿಸಿಲಿಗೆ ಹಿಡಿದಾಗ ಕೆಳಗಿನ ಕೆಂಪೆಲ್ಲ ಇಣುಕುತ್ತದೆ. ‘ಮೊದಲ್ನೇದು ನಮ್ಮ ಕಣ್ಣಿಗೆ ಕಣವ್ವ, ಎರಡ್ನೇದು ಬಿಸ್ಲು ಮಳೆಗೆ’ ಅನ್ನುತ್ತಿದ್ದರು. ಮೊದಲನೇ ಕೋಟಿನಲ್ಲಿ ಅಕ್ಷರ ಹುಟ್ಟುವ ಖುಷಿಯಿದೆ. ಎರಡನೆಯದರಲ್ಲಿ ಏನೂ ಇಲ್ಲ, ಬರೆದದ್ದನ್ನೇ ಬರೆಯುವ ಬೇಸರ, ಅಷ್ಟೆ. ಚಿಕ್ಕಪ್ಪ ಆ ಬೇಸರವನ್ನು ಮೂವತ್ತು ವರ್ಷ ಮಾಡಿದರು.

ಇನ್ನೊಂದು ಅಭ್ಯಾಸವಿತ್ತು ಅವರಿಗೆ. ಸಂತೆಯ ದಿನ ಬೋರ್ಡನ್ನು ಒಳಗೆ ಬರೆಯುತ್ತಿರಲಿಲ್ಲ. ಏಣಿಯನ್ನು ಆಚೆ ಹಾಕಿ, ಬೋರ್ಡನ್ನು ಗೋಡೆಗೆ ನಿಲ್ಲಿಸಿ, ಬೀದಿಗೆ ಬೆನ್ನು ಕೊಟ್ಟು ಬರೆಯುತ್ತಿದ್ದರು. ಬಸ್ಸಿಳಿದವರು, ಹೊಗೆಸೊಪ್ಪಿನವರು, ಶುಂಠಿಯವರು, ಬೀಗರ ಮನೆಗೆ ಹೊರಟವರು, ಎಲ್ಲ ಬಾಯಿ ತೆರೆದು ನಿಲ್ಲುತ್ತಿದ್ದರು. ಒಳಗೆ ಸೆಕೆಯಿರಬೇಕು ಅದಕ್ಕೇ ಆಚೆ ಬರೆಯುತ್ತಾರೆ ಎಂದು ನಾನು ಅಂದುಕೊಂಡಿದ್ದೆ. ಎಷ್ಟು ಬುದ್ಧಿವಂತೆ ನೋಡಿ.

ಫ್ಲೆಕ್ಸು ಬಂತು. ಒಂದು ವರ್ಷ ಚಿಕ್ಕಪ್ಪನ ಅಂಗಡಿಯಲ್ಲಿ ಕೆಲಸ ಅರ್ಧವಾಯಿತು, ಮುಂದಿನ ವರ್ಷ ಬಾಗಿಲೇ ಹಾಕಿತು. ಅವರು ಬ್ರಷ್ಷುಗಳನ್ನು ತೊಳೆದು, ಒರೆಸಿ, ಪೇಪರಿನಲ್ಲಿ ಸುತ್ತಿ ನನ್ನ ಕೈಗಿಟ್ಟು ಶುಂಠಿ ಹಾಕಲು ಹೊಲಕ್ಕೆ ಹೋದರು. ಆಮೇಲೆ ಕೈನಡುಕ ಶುರುವಾಯಿತು. ಈಗ ಕಾಫಿ ಲೋಟವನ್ನು ಎರಡು ಕೈಯಲ್ಲಿ ಹಿಡಿಯುತ್ತಾರೆ. ಕಣ್ಣು ಮಾತ್ರ ಹಾಗೇ ಇದೆ, ಅದರ ರುಚಿ ನನಗೆ ಗೊತ್ತಾದದ್ದು ಹೋದ ವರ್ಷ.

ಹೋದ ವರ್ಷ ಚನ್ನರಾಯಪಟ್ಟಣದಿಂದ ಗೌರಮ್ಮ ಅನ್ನುವವರು ಫೋನು ಮಾಡಿದರು. ಇಪ್ಪತ್ತು ವರ್ಷ ಇನ್ನೊಬ್ಬರ ಮೆಸ್ಸಿನಲ್ಲಿ ಅಡುಗೆ ಮಾಡಿದವರಂತೆ. ಈಗ ತಮ್ಮದೇ ಒಂದು ಪುಟ್ಟ ತಟ್ಟೆ ಇಡ್ಲಿ ಹೋಟೆಲು ತೆಗೆಯುತ್ತಿದ್ದರು. ನನ್ನ ವಿಡಿಯೊಗಳನ್ನು ನೋಡಿ ಮನಸ್ಸು ಮಾಡಿದ್ದರು.

“ಪ್ರಿಂಟಿಂದು ಬ್ಯಾಡ ಕಣವ್ವ. ಕೈಯಾಗೇ ಬರೀರಿ. ‘ಗೌರಮ್ಮನ ಹೋಟೆಲ್’ ಅಂತ. ರೇಸನ್ ಕಾರ್ಡಿಂದ ಆಚೆ ನನ್ನೆಸ್ರು ಎಲ್ಲೂ ಇಲ್ಲ ನೋಡಿ” ಎಂದು ನಕ್ಕರು. ನಾನೂ ನಕ್ಕೆ. ಫೋನಿಟ್ಟ ಮೇಲೆ ನಗು ಬರಲಿಲ್ಲ. ಈ ಬೋರ್ಡು ಚೆನ್ನಾಗಿ ಬರಬೇಕು ಎಂದು ಗಟ್ಟಿಯಾಗಿ ಅಂದುಕೊಂಡೆ.

ಕೆಂಪು ನೆಲ, ಹಳದಿ ಅಕ್ಷರ. ಗೆರೆ ಹೊಡೆದೆ, ಬರೆದೆ. ಹೆಸರು ಬರೆದ ವಿಡಿಯೊ ಹಾಕಿ, ‘ಈ ಹೆಸರು ಬೀದಿಗೆ ಬರುತ್ತಿರುವುದು ಇದೇ ಮೊದಲು’ ಎಂದು ಅಡಿಯಲ್ಲಿ ಬರೆದೆ. ಜನ ಮೆಚ್ಚಿ, ‘ಮುಗಿದ ಮೇಲೆ ತೋರಿಸಿ, ಮುಗಿದ ಮೇಲೆ ತೋರಿಸಿ’ ಎಂದರು. ಬಣ್ಣ ಒಣಗಲು ಇನ್ನೂ ಒಂದು ದಿನ ಬೇಕಿತ್ತು. ಆದರೆ ಅವತ್ತು ಸಂಜೆಯ ಬಿಸಿಲು ಕಿಟಕಿಯಿಂದ ನೇರ ಬೋರ್ಡಿನ ಮೇಲೆ ಬಿದ್ದಿತ್ತು. ಇಂಥ ಬೆಳಕು ನಾಳೆ ಸಿಗುತ್ತದೋ ಇಲ್ಲವೋ. ನಾಳೆ ಹೇಗೂ ಎರಡನೇ ಕೋಟ್ ಹೊಡೆಯುತ್ತೇನಲ್ಲ, ವಿಡಿಯೊ ಒಂದನ್ನು ಇವತ್ತೇ ಮಾಡಿಕೊಂಡರೆ ಏನಾಯಿತು ಎಂದುಕೊಂಡು ಸ್ಟ್ಯಾಂಡು ನಿಲ್ಲಿಸಿ, ಒಣ ಬ್ರಷ್ಷು ತೆಗೆದುಕೊಂಡು, ಬರೆದ ಅಕ್ಷರದ ಮೇಲೆಯೇ, ತಾಗಿಯೂ ತಾಗದ ಹಾಗೆ, ಬಹಳ ಗಂಭೀರವಾಗಿ ಕೈಯಾಡಿಸಿದೆ. ನಡುನಡುವೆ ಡಬ್ಬಿಯ ಕಡೆಗೂ ಬ್ರಷ್ಷು ಒಯ್ದೆ. ನನ್ನ ಮುಖದಲ್ಲಿ ಅವತ್ತು ಎಂಥ ತನ್ಮಯತೆ! ಅಡಿಯಲ್ಲಿ ‘ಎರಡನೇ ಕೋಟ್, ನಮ್ಮ ಚಿಕ್ಕಪ್ಪ ಕಲಿಸಿದ ಪಾಠ’ ಎಂದು ಬರೆದು ಕೈಮುಗಿದ ಚಿತ್ರವನ್ನೂ ಅಂಟಿಸಿದೆ.

ಮಾರನೆಯ ದಿನ ಎದ್ದರೆ ಹೊಗಳಿಕೆಯ ಮಳೆ. ಒಬ್ಬೊಬ್ಬರಿಗೂ ಉತ್ತರ ಬರೆಯುತ್ತ ಕೂತೆ. ಮಧ್ಯಾಹ್ನವಾಯಿತು. ನಿಜ ಹೇಳುತ್ತೇನೆ, ನನಗೆ ಮರೆತಿರಲಿಲ್ಲ. ಆದರೆ ಎಲ್ಲರೂ ‘ಎಷ್ಟು ಚೆನ್ನಾಗಿ ಮುಗಿಸಿದ್ದೀರಿ’ ಎಂದ ಮೇಲೆ ಮುಗಿದೇಬಿಟ್ಟಿದೆ ಅನ್ನಿಸತೊಡಗಿತ್ತು. ಮತ್ತೆ ಡಬ್ಬಿ ತೆರೆದು, ಬರೆದದ್ದನ್ನೇ ಬರೆಯಲು ಕೈ ಬರಲಿಲ್ಲ. ಅಷ್ಟರಲ್ಲಿ ಬೋರ್ಡು ಒಯ್ಯಲು ಗೌರಮ್ಮನ ಕಡೆಯ ಲಗೇಜ್ ಆಟೋ ಬಂದು ನಿಂತಿತು. ಹಳೆ ಸೀರೆ ಸುತ್ತಿ ಕೊಟ್ಟು ಕಳಿಸಿಬಿಟ್ಟೆ.

ಎರಡು ವಾರ ಕಳೆದಿರಬಹುದು. ಅರಕಲಗೂಡಿನಿಂದ ಚಿಕ್ಕಪ್ಪನ ಫೋನು. ನಮ್ಮ ಚಿಕ್ಕವ್ವ ನನ್ನ ವಿಡಿಯೊ ಒಂದನ್ನೂ ಬಿಡದೆ ನೋಡಿ ಕೆಂಪು ಹೃದಯ ಒತ್ತುವವರು. ಅವರೇ ತೋರಿಸಿದ್ದರು.

“ನಿನ್ನ ಇಡಿಯೋ ನೋಡ್ದೆ ಕಣವ್ವ, ಎರಡ್ನೇ ಕೋಟ್ದು.”

“ಹೆಂಗೈತೆ ಚಿಕ್ಕಪ್ಪ?” ಎಂದೆ, ಹೊಗಳಿಕೆಗೆ ಕೈಯೊಡ್ಡಿ.

“ಬ್ರಷ್ಷಿನ ಕೂದ್ಲು ಕೆದ್ರಿಕಂಡೈತಲ್ಲವ್ವ. ಬಣ್ಣ ಕುಡ್ದಿರೋ ಬ್ರಷ್ಷು ಅಂಗೆ ಕೆದ್ರಾಕಿಲ್ಲ.”

ನಾನು ಏನೋ ತೊದಲಿದೆ. ಬೆಳಕು ಅಂದೆ, ಮೊಬೈಲಿನಲ್ಲಿ ಹಾಗೇ ಕಾಣುವುದು ಅಂದೆ.

“ಡಬ್ಬಿ ಮುಚ್ಚಳಾನೂ ತೆಗ್ದಿಲ್ಲ” ಎಂದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. “ಆ ಬೋರ್ಡು ಈಗೆಲ್ಲೈತೆ?”

“ಕೊಟ್ಬುಟ್ಟೆ ಚಿಕ್ಕಪ್ಪ.”

“ಒಂದೇ ಕೋಟ್ನಾಗೆ?”

“ಹೂಂ.”

“ಆಯಮ್ಮನ ಎಸ್ರು ಮೊದ್ಲನೇ ಸಲ ಬೀದಿಗೆ ಬಂದೈತೆ ಅಂತ ನೀನೇ ಬರ್ಕಂಡಿದ್ದೆ. ನಿಮ್ಮ ಚಿಕ್ಕವ್ವ ಓದಿ ಏಳುದ್ಲು. ಅದು ಮಾಸೋಗ್ಬಾರ್ದು ಕಣವ್ವ. ನಾಳೆ ಬತ್ತೀನಿ, ಅಳ್ದಿ ಡಬ್ಬ ರೆಡಿ ಇಟ್ಕಂಡಿರು” ಎಂದು ಫೋನಿಟ್ಟರು.

ಸಾವಿರಾರು ಜನ ಆ ವಿಡಿಯೊ ನೋಡಿದ್ದರು. ಒಬ್ಬರಿಗೂ ಕಾಣದ್ದು, ಎರಡು ಕೈಯಲ್ಲಿ ಲೋಟ ಹಿಡಿಯುವ ಆ ಮನುಷ್ಯನಿಗೆ ಅಂಗೈಯಗಲದ ಪರದೆಯಲ್ಲಿ ಕಂಡಿತ್ತು. ಮೊದಲು ಆ ವಿಡಿಯೊ ಅಳಿಸಿದೆ. ಅದರ ಜೊತೆ ಚಿಕ್ಕವ್ವನ ಹೃದಯವೂ ಹೋಯಿತು.

ಮರುದಿನ ಚಿಕ್ಕಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಬಸ್ಸಿಳಿದರು. ಇಬ್ಬರೂ ಚನ್ನರಾಯಪಟ್ಟಣದ ಬಸ್ಸು ಹತ್ತಿದೆವು. ಬಣ್ಣದ ಚೀಲ ನನ್ನ ತೊಡೆಯ ಮೇಲಿತ್ತು. ಊರು ದಾಟುವಷ್ಟರಲ್ಲಿ ನನಗೇ ತಡೆಯಲಾಗಲಿಲ್ಲ.

“ನಿಂಗೆ ಈ ಇಡಿಯೋ ಗಿಡಿಯೋ ಎಲ್ಲ ಸರಿ ಕಾಣಾಕಿಲ್ಲ ಅಲ್ವಾ ಚಿಕ್ಕಪ್ಪ? ನಿಲ್ಲಿಸ್ಬುಡ್ಲಾ?”

“ಯಾರಂದೋರು?” ಅವರು ನಿಜಕ್ಕೂ ಆಶ್ಚರ್ಯಪಟ್ಟರು. “ಸಂತೆ ದಿನ ಏಣಿ ಯಾಕೆ ಆಚೆ ಆಕ್ತಿದ್ದೆ ಅಂದ್ಕಂಡಿದ್ದೀಯ? ನಾಕ್ ಜನ ನೋಡ್ಲಿ ಅಂತ್ಲೇ! ವಾರವೆಲ್ಲ ಬರ್ದಿದ್ರೂ ಎಸ್ರಿನ ಕಡೇ ಅಕ್ಸರ ಮಾತ್ರ ಸಂತೆಗೇ ಅಂತ ಉಳಿಸ್ಕತಿದ್ದೆ. ಜನ ಸೇರ್ಲಿ ಅಂತ ಸುಮ್ನೆ ಬ್ರಷ್ಷು ತೊಳೀತಾ ನಿಂತಿರ್ತಿದ್ದೆ.” ಹೇಳುತ್ತ ಹೇಳುತ್ತ ಅವರಿಗೇ ನಗು ಬಂತು. “ಮೆರಿಬೇಕು ಕಣವ್ವ. ಮೆರೀದೆ ಇದ್ರೆ ನಮ್ಮನ್ಯಾರು ಕೇಳ್ತಾರೆ? ಆದ್ರೆ ನಾನು ಬರೀತಾ ಮೆರೀತಿದ್ದೆ.”

ಅಷ್ಟು ವರ್ಷ ಆ ಅಂಗಡಿಯಲ್ಲಿ ಕೂತಿದ್ದವಳಿಗೆ ಇದು ತಿಳಿದಿರಲಿಲ್ಲವಲ್ಲ ಎಂದು ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಮೊಬೈಲು ಹಿಡಿದು ದಿನವೂ ಸಂಕೋಚದಿಂದ ಸಾಯುತ್ತಿದ್ದ ನನಗೆ, ಇದು ನಮ್ಮ ಮನೆತನದ ಕಸುಬೇ ಎಂದು ತಿಳಿದು ಒಂದು ದೊಡ್ಡ ಭಾರ ಇಳಿಯಿತು. ಇನ್ನೊಂದು ಭಾರ ಚನ್ನರಾಯಪಟ್ಟಣದಲ್ಲಿ ಕಾದಿತ್ತು.

ಗೌರಮ್ಮನ ಹೋಟೆಲು ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರ, ಅಡ್ಡರಸ್ತೆಯಲ್ಲಿತ್ತು. ಬೋರ್ಡಿಗೆ ಮಲ್ಲಿಗೆ ಹಾರ ಹಾಕಿದ್ದರು. ಬಿಸಿಲು ನೇರ ಬಿದ್ದಿತ್ತು. ಹಳದಿಯ ನಡುವೆ ಕೆಂಪು ಅಲ್ಲಲ್ಲಿ ಎದ್ದು, ‘ಗೌರಮ್ಮನ’ ಅನ್ನುವ ಹೆಸರು ಸವೆದ ಸೀರೆಯ ಅಂಚಿನಂತೆ ಕಾಣುತ್ತಿತ್ತು. ನಾನು ಚಿಕ್ಕಪ್ಪನ ಮುಖ ನೋಡಲಿಲ್ಲ.

ಗೌರಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಆಚೆ ಬಂದರು. ನನ್ನನ್ನು ಗುರುತು ಹಿಡಿದ ಕೂಡಲೇ ಅವರ ಮುಖ ಸಣ್ಣಗಾಯಿತು. ನಾನು ಬಾಯಿ ತೆರೆಯುವ ಮುಂಚೆ ಅವರೇ ಶುರು ಮಾಡಿದರು.

“ನೋಡ್ಬುಟ್ರಾ? ನಾನೇ ಕೆಡಿಸ್ಬುಟ್ಟೆ ಕಣವ್ವ. ದ್ಯಾವ್ರ ಪಟದಂಗೆ ದಿನಾ ಒದ್ದೆ ಬಟ್ಟೇಲಿ ಒರೆಸ್ತಿದ್ದೆ. ಉಜ್ಜಿ ಉಜ್ಜಿ ಬಣ್ಣ ಓಗ್ಬುಡ್ತು. ಅಷ್ಟು ಚೆಂದಾಗಿ ಬರ್ಕೊಟ್ಟಿದ್ರಿ, ನಿಮ್ಗೆ ಏಳಾಕೆ ಮುಖ ಇರ್ಲಿಲ್ಲ.”

ನನಗೆ ಅವರ ಕಾಲ ಮೇಲೆ ಬೀಳಬೇಕು ಅನ್ನಿಸಿತು. ನನ್ನ ಸೋಮಾರಿತನವನ್ನು ಈ ಹೆಂಗಸು ಎರಡು ವಾರದಿಂದ ತನ್ನ ತಪ್ಪು ಎಂದು ಹೊತ್ತುಕೊಂಡಿದ್ದರು.

“ನಿಮ್ದೇನೂ ತಪ್ಪಿಲ್ಲ ಗೌರಮ್ಮನೋರೆ. ನಾನೇ ಎರಡನೇ ಕೋಟ್ ಹೊಡೀಲಿಲ್ಲ. ಹೊಡೆದ ಹಾಗೆ ವಿಡಿಯೊ ಮಾಡಿ, ಹಾಗೇ ಕೊಟ್ಟುಬಿಟ್ಟೆ” ಎಂದೆ.

ಅವರು ನನ್ನನ್ನು ನೋಡಿದರು, ಬೋರ್ಡು ನೋಡಿದರು. ಕೋಪ ಬರುತ್ತದೆ, ಬರಲಿ ಎಂದು ನಿಂತೆ. ಅವರು ದೊಡ್ಡದಾಗಿ ಉಸಿರು ಬಿಟ್ಟರು.

“ಸದ್ಯ, ನನ್ ಕೈಯಿಂದ ಕೆಟ್ಟಿದ್ದಲ್ಲ!” ಎಂದರು. ಆಮೇಲೆ, “ಅದ್ನ ಏಳಾಕೆ ಅಲ್ಲಿಂದ ಬಂದ್ರಾ? ಬನ್ನಿ ಒಳೀಕೆ, ಮೊದ್ಲು ಇಡ್ಲಿ ತಿನ್ನಿ. ಯಜಮಾನ್ರೇ, ನೀವೂ ಬನ್ನಿ.” ಚಿಕ್ಕಪ್ಪನ ಕೈ ನಡುಗುವುದನ್ನು ಕಂಡು, ಕೇಳದೆಯೇ ಇಡ್ಲಿಯನ್ನು ಚಟ್ನಿಯಲ್ಲಿ ಕಲಸಿ ಚಮಚ ಹಾಕಿ ಕೊಟ್ಟರು. ಆ ಇಡ್ಲಿಯ ಮೃದುತನ, ಆ ತುಪ್ಪದ ರುಚಿ ಇವತ್ತಿಗೂ ನನ್ನ ನಾಲಗೆಯ ಮೇಲಿದೆ. ಬೈಸಿಕೊಳ್ಳಲು ಹೋದವಳಿಗೆ ಬಡಿಸಿದ ಊಟ ಅದು.

ಊಟದ ಜನ ಕರಗಿದ ಮೇಲೆ ಹಾರ ತೆಗೆದು, ಒಳಗಿನ ಮೇಜನ್ನು ಬೀದಿಗೆ ಎಳೆದು ಹತ್ತಿ ನಿಂತೆ. ಮೊಬೈಲು ಚೀಲದಲ್ಲೇ ಇತ್ತು. ಯಾವ ವ್ರತವೂ ಅಲ್ಲ, ನೆನಪಾಗಲಿಲ್ಲ ಅಷ್ಟೆ. ಚಿಕ್ಕಪ್ಪ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಕೈ ನಡುಗಿ ಚೆಲ್ಲದಿರಲಿ ಎಂದು ಹಳದಿ ಡಬ್ಬಿಯನ್ನು ಎದೆಗೆ ಒತ್ತಿಕೊಂಡಿದ್ದರು. ಅವರ ಇಸ್ತ್ರಿ ಅಂಗಿಯ ಮೇಲೆ ಆಗಲೇ ಎರಡು ಹಳದಿ ಚುಕ್ಕೆ ಬಿದ್ದಿದ್ದವು. ನಾನು ಬಗ್ಗಿ ಬ್ರಷ್ಷು ಅದ್ದುವುದು, ಎದ್ದು ಬರೆಯುವುದು. ‘ಗೌ’ ಮುಗಿಯುವಷ್ಟರಲ್ಲಿ ನಾಲ್ಕು ಜನ, ‘ರ’ ಮುಗಿಯುವಷ್ಟರಲ್ಲಿ ಹತ್ತು ಜನ. ಬರೆದದ್ದನ್ನೇ ಬರೆಯುವ ಬೇಸರ ಅವತ್ತು ಎಲ್ಲಿ ಹೋಗಿತ್ತೋ, ಒಂದೊಂದು ಅಕ್ಷರ ತುಂಬಿಕೊಳ್ಳುವಾಗಲೂ ಎದೆ ತುಂಬಿ ಬರುತ್ತಿತ್ತು. ಗೌರಮ್ಮ ಒಲೆ ಬಿಟ್ಟು ಬಂದು ಬಾಗಿಲಲ್ಲಿ ನಿಂತು ತಮ್ಮ ಹೆಸರನ್ನೇ ನೋಡುತ್ತಿದ್ದರು.

ಪಕ್ಕದ ಸೈಕಲ್ ಅಂಗಡಿಯವರು ಚಿಕ್ಕಪ್ಪನ ಹತ್ತಿರ ಬಂದು, “ಯಜಮಾನ್ರೇ, ನೀವೇನಾ ಪೇಂಟ್ರು? ನಮ್ಮಂಗ್ಡಿಗೂ ಒಂದು ಬರ್ಕೊಡ್ತೀರಾ?” ಎಂದು ಕೇಳಿದ್ದು ನನಗೆ ಮೇಲೆ ಕೇಳಿಸಿತು.

ಚಿಕ್ಕಪ್ಪ ಡಬ್ಬಿಯನ್ನು ಮೇಜಿನ ಮೇಲಿಟ್ಟು ನಿಧಾನವಾಗಿ ಎದ್ದರು. ಎರಡು ಮಾತಿಗೆ ಮೂರನೆಯದು ಆಡದ ಮನುಷ್ಯ, ಬೀದಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿದರು.

“ನಾನಲ್ಲ ಕಣ್ರಪ್ಪಾ! ಅಗೋ ಅಲ್ಲಿ, ಮ್ಯಾಲೆ ನಿಂತವ್ಳಲ್ಲ, ಅವ್ಳು. ನಮ್ಮಣ್ಣನ ಮಗಳು. ಬೋರ್ಡ್ ಬೇಕಾದೋರು ಅವ್ಳ್ನೇ ಕೇಳ್ರಿ. ಎರಡ್ ಕೋಟ್ ಒಡೀತಾಳೆ!”

ನಾನು ಬೋರ್ಡಿನ ಕಡೆಗೆ ತಿರುಗಿಕೊಂಡೆ. ಎರಡೂ ಕೈಗೆ ಹಳದಿ ಮೆತ್ತಿತ್ತು, ಕಣ್ಣೊರೆಸಿಕೊಳ್ಳಲು ಆಗಲಿಲ್ಲ.